ವಾರ್ತಾವಾಚಕಿಯ ವೃತ್ತಿಯೂ ನಮ್ಮ ಹೆಣ್ಣುಮಕ್ಕಳೂ



ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಯಾವ ಮನೆಗಾದರೂ ದೀಪ ಹಚ್ಚುವ ಹೊತ್ತಿನಲ್ಲಿ ಹೋಗಿ ನೋಡಿದರೆ, ಪಡಸಾಲೆಯ ದೂರದರ್ಶನದ ಪೆಟ್ಟಿಗೆಯೊಳಗೆ ಒಬ್ಬ ಹೆಣ್ಣುಮಗಳು ಕುಳಿತು ನಾಡಿನ ಸಮಾಚಾರವನ್ನು ಓದುತ್ತಿರುವದು ಕಂಡುಬರುವದು. ಅಜ್ಜನು ತೊಗರಿಯ ಧಾರಣೆಯನ್ನೂ, ತಾಯಿಯು ಮಳೆಯ ಸುದ್ದಿಯನ್ನೂ ಅವಳ ಬಾಯಿಂದ ಕೇಳುತ್ತಾರೆ. ಮನೆಯ ಚಿಕ್ಕ ಹುಡುಗಿಯು ಹಣಿಗೆಯನ್ನು ಮೈಕಿನಂತೆ ಹಿಡಿದು, ಹಾಸಿಗೆಯ ಮೇಲೆ ನೆಟ್ಟಗೆ ಕುಳಿತು, “ನಮಸ್ಕಾರ, ಈಗ ವಾರ್ತೆಗಳು” ಎಂದು ಅವಳಂತೆಯೇ ನುಡಿದಾಗ ಮನೆಯವರೆಲ್ಲರೂ ನಕ್ಕು ಚಪ್ಪಾಳೆ ತಟ್ಟುತ್ತಾರೆ. ಅದೇ ಹುಡುಗಿಯು ಹದಿನೇಳನೆಯ ವರುಷದಲ್ಲಿ, “ಅಪ್ಪಾ, ನಾನು ಇದನ್ನೇ ಕಲಿಯುತ್ತೇನೆ” ಎಂದಾಗ ಮಾತ್ರ ಯಾರೂ ನಗುವದಿಲ್ಲ. ಮನೆಯೆಲ್ಲ ಮೌನವಾಗುವದು. ಆ ಮೌನವೇ ನಮ್ಮ ಈ ಲೇಖನದ ವಿಷಯವು.

ವಾರ್ತೆಯನ್ನೋದುವ ವೃತ್ತಿಯು ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳಿಗೆ ತಕ್ಕುದೋ ಅಲ್ಲವೋ ಎಂದು ಅನೇಕ ಪಾಲಕರು ನಮ್ಮನ್ನು ಕೇಳಿದ್ದಾರೆ. ತಕ್ಕುದೆಂಬದೇ ನಮ್ಮ ಅಭಿಪ್ರಾಯವು. ಆದರೆ ತಕ್ಕುದಾಗುವದಕ್ಕೆ ಕಾರಣವು ಆ ಪೀಠದ ಬೆಳಕೂ ಅಲ್ಲ, ಉಟ್ಟ ಸೀರೆಯ ಅಂದವೂ ಅಲ್ಲ. ನಿಜವನ್ನು ವಿಚಾರಿಸಿಕೊಂಡು ಸ್ಪಷ್ಟವಾಗಿ ನುಡಿಯುವದು ಒಂದು ಸೇವೆಯಾಗಿರುವದರಿಂದಲೇ ಅದು ಗೌರವದ ಕೆಲಸವು. ಆ ಸೇವೆ ತಪ್ಪಿದಲ್ಲಿ ಗೌರವವೂ ತಪ್ಪುವದು. ಈ ಮಾತನ್ನು ಕೆಲವು ಸಂಗತಿಗಳಿಂದ ವಿಶದಪಡಿಸುವೆವು.

ಮೊದಲು ನಮ್ಮ ಜಿಲ್ಲೆಯ ಸಂಗತಿಯನ್ನೇ ಹೇಳೋಣ. ನಮ್ಮ ಭಾಗವು ಎಲ್ಲದರಲ್ಲಿಯೂ ಹಿಂದುಳಿದದ್ದೆಂಬ ಮಾತನ್ನು ಕೇಳಿ ಕೇಳಿ ನಾವೇ ಅದನ್ನು ನಂಬಿಬಿಟ್ಟಿದ್ದೇವೆ. ಆದರೆ ದೂರದರ್ಶನದ ವಿಷಯದಲ್ಲಿ ನಾವು ರಾಜಧಾನಿಗಿಂತ ಮುಂದಿದ್ದೆವೆಂಬದನ್ನು ಬಲ್ಲವರು ಸ್ವಲ್ಪ ಮಂದಿಯೇ ಸರಿ. ೧೯೭೫ನೆಯ ಇಸವಿಯ ಆಗಸ್ಟ್ ತಿಂಗಳ ಮೊದಲನೆಯ ದಿನದಿಂದ ಒಂದು ವರುಷದ ಪರ್ಯಂತ, ಅಮೇರಿಕೆಯ ಒಂದು ಉಪಗ್ರಹದ ಸಹಾಯದಿಂದ ಭಾರತದ ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ನೇರವಾಗಿ ದೂರದರ್ಶನವನ್ನು ಮುಟ್ಟಿಸುವ ಪ್ರಯೋಗವು ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ವಿಜಾಪುರ ಈ ಮೂರು ಜಿಲ್ಲೆಗಳೇ. ಸಾರ್ವಜನಿಕ ಸ್ಥಳಗಳಲ್ಲಿ ದೊಡ್ಡ ಬುಟ್ಟಿಯಂಥ ತಂತಿಬಲೆಯ ಆಂಟೆನಾವನ್ನು ನಿಲ್ಲಿಸಿ, ಬೆಳಿಗ್ಗೆ ಶಾಲೆಯ ಮಕ್ಕಳಿಗೂ ಸಂಜೆ ಒಕ್ಕಲಿಗರಿಗೂ ಹೆಂಗಸರಿಗೂ ಕಾರ್ಯಕ್ರಮಗಳನ್ನು ತೋರಿಸುತ್ತಿದ್ದರು. ಉಪಗ್ರಹದ ಅವಧಿಯು ಮುಗಿದ ತರುವಾಯ ೧೯೭೭ರಲ್ಲಿ ಗುಲಬರ್ಗೆಯಲ್ಲಿಯೇ ದೂರದರ್ಶನದ ಕೇಂದ್ರವು ಆರಂಭವಾಯಿತು. ಬೆಂಗಳೂರಿಗೆ ಅದು ಬಂದದ್ದು ೧೯೮೧ರಲ್ಲಿ. ಆಕಾಶವಾಣಿಯ ಕೇಂದ್ರವಂತೂ ೧೯೬೬ರಿಂದಲೇ ಇಲ್ಲಿ ಇತ್ತು.

ಹೀಗೆ ನೋಡುವ ಭಾಗ್ಯವು ನಮಗೆ ಮೊದಲು ಬಂದಿತು. ನುಡಿಯುವ ಭಾಗ್ಯವು ಮಾತ್ರ ಹಿಂದುಳಿಯಿತು. ಆ ಪ್ರಯೋಗದ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಮುಂದೆ ಬಂದ ದೊಡ್ಡ ವಾಹಿನಿಗಳೆಲ್ಲವೂ ಬೆಂಗಳೂರಿನಲ್ಲಿಯೇ ಪೀಠವನ್ನು ಹಾಕಿಕೊಂಡವು. ಅಲ್ಲಿಂದ ಓದುವವರ ಬಾಯಲ್ಲಿ ಆಳಂದವು ‘ಅಲಂದ’ವಾಗುವದನ್ನೂ, ಜೇವರ್ಗಿಯು ‘ಜೀವರ್ಗಿ’ಯಾಗುವದನ್ನೂ ನಾವು ಕೇಳಿದ್ದೇವೆ. ತಮ್ಮ ಊರಿನ ಹೆಸರನ್ನೇ ತಪ್ಪಾಗಿ ಉಚ್ಚರಿಸುವವರು ತಮ್ಮ ಊರಿನ ಕಷ್ಟವನ್ನು ಸರಿಯಾಗಿ ಹೇಳುವರೆಂದು ಜನರು ಹೇಗೆ ನಂಬಬೇಕು? ಇಲ್ಲಿಯ ಒಬ್ಬ ಹೆಣ್ಣುಮಗಳು ಆ ಪೀಠದಲ್ಲಿ ಕುಳಿತರೆ ಸರಿಯಾಗುವ ಮೊದಲನೆಯ ಸಂಗತಿಯು ಇದೇ.

ಹೆಂಗಸಿನ ಬಾಯಿಂದ ವಾರ್ತೆಯನ್ನು ಕೇಳುವದಕ್ಕೆ ಲೋಕವು ಒಪ್ಪಿಕೊಂಡದ್ದು ಸುಲಭವಾಗಿ ಅಲ್ಲ. ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲ ಒಂದು ಸಂಗತಿಯನ್ನು ಇಲ್ಲಿ ನೆನಪಿಗೆ ತರುವೆವು. ಕರ್ತನು ಸಮಾಧಿಯಿಂದ ಎದ್ದ ವಾರ್ತೆಯನ್ನು ಮೊತ್ತಮೊದಲು ಹೊತ್ತು ತಂದವಳು ಮಗ್ದಲದ ಮರಿಯಳು. ಶಿಷ್ಯರಾದರೋ ಹೆಂಗಸರ ಮಾತನ್ನು ಹುಚ್ಚುಮಾತೆಂದು ಎಣಿಸಿ ಮೊದಲು ನಂಬಲಿಲ್ಲ. ಅವರು ನಂಬದಿದ್ದುದರಿಂದ ವಾರ್ತೆಯು ಸುಳ್ಳಾಗಲಿಲ್ಲ. ಬಹುಕಾಲದ ಮೇಲೆ, ೧೯೩೩ರಲ್ಲಿ, ಇಂಗ್ಲೆಂಡಿನ ಬಿಬಿಸಿ ಸಂಸ್ಥೆಯು ಶೀಲಾ ಬೊರೆಟ್ ಎಂಬಾಕೆಯನ್ನು ರೇಡಿಯೋದಲ್ಲಿ ಉದ್ಘೋಷಕಿಯಾಗಿ ನೇಮಿಸಿತು. ಕೇಳುವವರಿಂದ ಆಕ್ಷೇಪದ ಪತ್ರಗಳು ರಾಶಿರಾಶಿಯಾಗಿ ಬಂದವು, ಕೆಲವೇ ತಿಂಗಳೊಳಗೆ ಆಕೆಯನ್ನು ಆ ಕೆಲಸದಿಂದ ತೆಗೆದರು. ಆಕ್ಷೇಪಿಸಿದವರಲ್ಲಿ ಹೆಂಗಸರೂ ಬಹುಮಂದಿ ಇದ್ದರೆಂಬದನ್ನು ನಾವು ಮರೆಯಬಾರದು.

ನಮ್ಮ ದೇಶದಲ್ಲಿ ಸಯೀದಾ ಬಾನು ಎಂಬ ಮಹಿಳೆಯು ೧೯೪೭ರ ಆಗಸ್ಟಿನಲ್ಲಿ, ಸ್ವಾತಂತ್ರ್ಯವು ಬರುವ ಹೊತ್ತಿನಲ್ಲಿಯೇ, ದಿಲ್ಲಿಯ ಆಕಾಶವಾಣಿಯಿಂದ ಉರ್ದು ವಾರ್ತೆಗಳನ್ನು ಓದತೊಡಗಿದಳು. ೧೯೫೯ರಲ್ಲಿ ದಿಲ್ಲಿಯಲ್ಲಿ ದೂರದರ್ಶನವು ಆರಂಭವಾಗಿ, ೧೯೬೫ರಲ್ಲಿ ನಿತ್ಯವೂ ಐದು ನಿಮಿಷದ ವಾರ್ತೆಯು ಮೊದಲಾದಾಗ ಅದನ್ನು ಓದಿದಾಕೆ ಪ್ರತಿಮಾ ಪುರಿ. ೧೯೮೪ರ ಅಕ್ಟೋಬರ ೩೧ರ ಬೆಳಿಗ್ಗೆ ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಆ ಸಂಜೆ ದೂರದರ್ಶನದಲ್ಲಿ ಆ ವಾರ್ತೆಯನ್ನು ದೇಶಕ್ಕೆ ತಿಳಿಸಿದವರು ಸಲ್ಮಾ ಸುಲ್ತಾನ್. ಕೋಪವೂ ದುಃಖವೂ ತುಂಬಿದ ಆ ದಿನದಲ್ಲಿ ಒಂದು ಮಾತು ಹೆಚ್ಚು, ಒಂದು ಮಾತು ಕಡಿಮೆ ಆಗದಂತೆ ನುಡಿಯುವದೆಂದರೆ ಎಂಥ ಹೊಣೆಯೆಂಬದನ್ನು ವಾಚಕರೇ ಯೋಚಿಸಬಹುದು.

ಕನ್ನಡದಲ್ಲಿ ಈ ಬಗೆಯ ಜೀವನಕ್ಕೆ ನಾವು ತೋರಿಸಬಹುದಾದ ಒಂದು ಒಳ್ಳೆಯ ಮಾದರಿಯು ಅಪರ್ಣಾ ಅವರದು. ಅವರು ಮುಖ್ಯವಾಗಿ ನಿರೂಪಕಿಯಾಗಿದ್ದರು. ಆದರೂ ನುಡಿಯನ್ನೇ ನೆಚ್ಚಿ ಬದುಕುವವರೆಲ್ಲರಿಗೆ ಅವರ ಜೀವನದಲ್ಲಿ ಪಾಠವುಂಟು. ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲೂಕಿನ ಪಂಚನಹಳ್ಳಿಯವರು. ಪುಟ್ಟಣ್ಣ ಕಣಗಾಲರ ಕೊನೆಯ ಚಲನಚಿತ್ರವಾದ ‘ಮಸಣದ ಹೂವು’ವಿನಲ್ಲಿ ತರುಣಿಯಾಗಿದ್ದಾಗಲೇ ನಟಿಸಿದರು. ಅನಂತರ ಆಕಾಶವಾಣಿಯನ್ನೂ ದೂರದರ್ಶನವನ್ನೂ ಸೇರಿ, ಬಹುವರುಷಗಳ ವರೆಗೆ ಕನ್ನಡಿಗರ ಮನೆಮನೆಗೂ ಪರಿಚಿತರಾದರು. ೧೯೯೮ರ ದೀಪಾವಳಿಯ ಕಾರ್ಯಕ್ರಮವನ್ನು ಎಡೆಬಿಡದೆ ಎಂಟು ತಾಸು ನಡೆಸಿಕೊಟ್ಟರೆಂಬದು ಪ್ರಸಿದ್ಧವಾದ ಮಾತು. ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಮುಂದಿನ ನಿಲ್ದಾಣವನ್ನು ಹೇಳುವ ಕನ್ನಡ ಧ್ವನಿಯೂ ಅವರದಾಗಿತ್ತು. ೨೦೨೪ರ ಜುಲೈ ೧೧ರಂದು ಅರ್ಬುದ ರೋಗದಿಂದ ಅವರು ತೀರಿಕೊಂಡಾಗ, ಅವರನ್ನು ಎಂದೂ ಎದುರಿಗೆ ಕಾಣದವರು ಕೂಡ ಮನೆಯವರನ್ನು ಕಳಕೊಂಡವರಂತೆ ದುಃಖಪಟ್ಟರು. ಅಂಥ ಪ್ರೀತಿಯು ಅವರಿಗೆ ಎಲ್ಲಿಂದ ಬಂದಿತು? ಅವರು ಕೂಗಲಿಲ್ಲ, ಹೆದರಿಸಲಿಲ್ಲ, ಕನ್ನಡದ ಒಂದೊಂದು ಅಕ್ಷರಕ್ಕೂ ಅದರ ಪಾಲನ್ನು ಕೊಟ್ಟು ನುಡಿದರು. ಅವರ ಧ್ವನಿಯನ್ನು ಕೇಳಿದ ಮಕ್ಕಳು ತಮ್ಮ ಭಾಷೆಯು ಚೆಲುವಾದುದೆಂದು ಅರಿತುಕೊಂಡರು.

ಇನ್ನು ದೊಡ್ಡ ಹೆಸರುಗಳನ್ನು ಬಿಟ್ಟು ನಮ್ಮ ಮನೆಯ ಕಡೆಗೆ ಬರೋಣ. ನಮ್ಮ ಶಾಲೆಯಲ್ಲಿಯೇ ಓದಿದ ಒಬ್ಬ ಹಳೆಯ ವಿದ್ಯಾರ್ಥಿನಿಯನ್ನು ನಾವು ಚೆನ್ನಾಗಿ ಬಲ್ಲೆವು. ಹೆಸರನ್ನು ಹೇಳುವದು ಬೇಡವೆಂದು ಆಕೆಯೇ ಕೇಳಿಕೊಂಡಿದ್ದಾಳೆ. ಭೀಮಾ ನದಿಯ ದಂಡೆಯ ಒಂದು ಹಳ್ಳಿಯ ಒಕ್ಕಲಿಗರ ಮಗಳು. ಪ್ರಾರ್ಥನೆಯ ಹೊತ್ತಿನಲ್ಲಿ ವಾಕ್ಯವನ್ನು ಗಟ್ಟಿಯಾಗಿ ಓದುವದಕ್ಕೆ ಅವಳನ್ನೇ ನಿಲ್ಲಿಸುತ್ತಿದ್ದೆವು. ಪದವಿಯನ್ನು ಮುಗಿಸಿದ ಮೇಲೆ ಜಿಲ್ಲೆಯ ಸ್ಥಳದಲ್ಲಿದ್ದ ಒಂದು ಚಿಕ್ಕ ಕೇಬಲ್ ವಾಹಿನಿಯಲ್ಲಿ ವಾರ್ತಾವಾಚಕಿಯಾದಳು. ಮೊದಲನೆಯ ದಿನ ಊರಿನವರೆಲ್ಲರೂ ಒಂದೇ ಮನೆಯಲ್ಲಿ ಕೂಡಿ ಅವಳನ್ನು ನೋಡಿದರಂತೆ. ಅವಳ ತಾಯಿಯು ಪೆಟ್ಟಿಗೆಯ ಮುಂದೆ ನಿಂತು ಸೆರಗಿನಿಂದ ಮಗಳ ದೃಷ್ಟಿ ತೆಗೆದಳಂತೆ.

ಇಂಥ ಸ್ಥಳೀಯ ವಾಹಿನಿಯಲ್ಲಿ ವಾರ್ತೆಯನ್ನೋದುವದೆಂದರೆ ಕುಳಿತು ಓದುವದಷ್ಟೇ ಎಂದು ತಿಳಿಯಬಾರದು. ಬೆಳಿಗ್ಗೆ ತಾಲೂಕು ಕಚೇರಿಗೂ ಆಸ್ಪತ್ರೆಗೂ ಮಾರುಕಟ್ಟೆಗೂ ಫೋನು ಮಾಡಿ ವರ್ತಮಾನವನ್ನು ಕೂಡಿಸುವದು, ಅದನ್ನು ಬರೆದು ತಿದ್ದುವದು, ಚಿತ್ರಗಳನ್ನು ಜೋಡಿಸುವದು, ತಾನೇ ಮುಖಕ್ಕೆ ಬಣ್ಣವನ್ನು ಹಚ್ಚಿಕೊಂಡು ದೀಪಗಳ ಸೆಕೆಯಲ್ಲಿ ಕುಳಿತುಕೊಳ್ಳುವದು, ಓದುತ್ತಿರುವಾಗಲೇ ಕಿವಿಯೊಳಗಿನ ಯಂತ್ರದಲ್ಲಿ ಹೊರಗಿನವರು ಹೇಳುವದನ್ನು ಕೇಳಿಸಿಕೊಂಡೂ ಮುಖದಲ್ಲಿ ತೋರಗೊಡದೆ ಇರುವದು, ಇವೆಲ್ಲವೂ ಒಬ್ಬಳದೇ ಕೆಲಸ. ದೊಡ್ಡ ವಾಹಿನಿಗಳಲ್ಲಿ ಕ್ಯಾಮೆರಾದ ಕನ್ನಡಿಯ ಮೇಲೆ ಅಕ್ಷರಗಳು ತಾವಾಗಿ ಸರಿಯುವವು, ಇಲ್ಲಿ ಕೈಯಲ್ಲಿ ಕಾಗದವೇ ಗತಿ. ಸಂಬಳವು ಗೌಂಡಿಯ ಕೈಕೆಳಗಿನ ಕೂಲಿಗಿಂತ ಹೆಚ್ಚಾಗಿರಲಿಲ್ಲ. ನೇಮಕದ ಪತ್ರವನ್ನು ಯಾರೂ ಬರೆದುಕೊಟ್ಟಿರಲಿಲ್ಲ.

ಆದರೂ ಅವಳು ನಾಲ್ಕು ವರುಷ ಓದಿದಳು, ಜನರು ಅವಳ ಮಾತನ್ನು ನಂಬಿದರು. ಒಂದು ಮಳೆಗಾಲದ ರಾತ್ರಿ, ನದಿಯು ತುಂಬಿ ಹರಿಯುತ್ತಿದ್ದಾಗ, ಮೇಲಿನ ಕಟ್ಟೆಯು ಒಡೆಯಿತೆಂಬ ಒಂದು ಸುದ್ದಿಯು ಮೊಬೈಲಿನಿಂದ ಮೊಬೈಲಿಗೆ ಹಾರುತ್ತ ಬಂದಿತು. ಅದನ್ನು ಕೂಡಲೇ ಓದಬೇಕೆಂದು ಅವಳಿಗೆ ಅಪ್ಪಣೆಯಾಯಿತು. ಅವಳು ಅರ್ಧ ತಾಸಿನ ಅವಕಾಶವನ್ನು ಬೇಡಿದಳು. ಕೊಡಲಿಲ್ಲ. ವಿಚಾರಿಸದೆ ಓದಲಾರೆನೆಂದು ಎದ್ದು ಬಂದಳು. ಆ ಸುದ್ದಿಯು ಸುಳ್ಳೆಂದು ಬೆಳಗಾಗುವದರೊಳಗೆ ತಿಳಿಯಿತು. ಅಷ್ಟರೊಳಗೆ ಅವಳ ಪೀಠದಲ್ಲಿ ಬೇರೊಬ್ಬರು ಕುಳಿತಿದ್ದರು. ಈಗ ಅವಳು ಬೇರೊಂದು ಊರಿನಲ್ಲಿ ಇತರರು ಓದುವದಕ್ಕೆ ವಾರ್ತೆಯನ್ನು ಬರೆದುಕೊಡುತ್ತಾಳೆ. ನಮ್ಮ ಜಿಲ್ಲೆಯು ಒಂದು ಧ್ವನಿಯನ್ನು ಕಳಕೊಂಡಿತು. ಅವಳ ತಾಯಿಯು ಶಾಲೆಗೆ ಬಂದಾಗ ನಮ್ಮೊಡನೆ, “ನೌಕರಿ ಹೋಯ್ತರಿ ಬಾಯಾರ, ಆದ್ರ ನಮ್ಮ ಹುಡುಗಿ ಸುಳ್ಳು ಓದಲಿಲ್ಲ” ಎಂದಳು. ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರವು ನಮ್ಮ ಶಾಲೆಗೆ ಬೇರೆಲ್ಲಿಂದ ಬರಬೇಕು?

ಅವಳು ಓದಿದ್ದರೆ ಏನಾಗುತ್ತಿತ್ತೆಂಬದನ್ನು ಭೀಮಾ ತೀರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ೨೦೨೦ರ ಅಕ್ಟೋಬರದಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದಲೂ ಅಫಜಲಪುರ ತಾಲೂಕಿನ ಸೊನ್ನದ ಬ್ಯಾರೇಜಿನಿಂದಲೂ ಬಿಟ್ಟ ನೀರಿನಿಂದ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳು ಮುಳುಗಿ, ಸಾವಿರಾರು ಜನರು ಮನೆಮಾರು ಬಿಡಬೇಕಾಯಿತು. ಅಂಥ ಹೊತ್ತಿನಲ್ಲಿ ‘ಇಷ್ಟು ಲಕ್ಷ ಕ್ಯುಸೆಕ್ಸ್ ನೀರು ಬಿಡುಗಡೆ’ ಎಂದು ಓದಿ ಮುಗಿಸಿದರೆ ಹಳ್ಳಿಯ ಮುದುಕಿಗೆ ಏನು ತಿಳಿಯಬೇಕು? ಒಂದು ಕ್ಯುಸೆಕ್ ಎಂದರೆ ಪ್ರತಿ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು ೨೮ ಲೀಟರು ನೀರು. ಆ ನೀರು ಎಷ್ಟು ಹೊತ್ತಿಗೆ ಯಾವ ಊರನ್ನು ಮುಟ್ಟುವದು, ದನಕರುಗಳನ್ನು ಯಾವಾಗ ಬಿಚ್ಚಬೇಕು ಎಂದು ತಿಳಿಸಿದರೇ ಅದು ವಾರ್ತೆಯು. ಅದನ್ನು ತಿಳಿಸಬಲ್ಲವಳು ಆ ದಂಡೆಯಲ್ಲಿ ಬೆಳೆದವಳೇ ಹೊರತು, ನೂರಾರು ಮೈಲಿನಾಚೆ ಕುಳಿತವಳಲ್ಲ.

ಇನ್ನೂ ಒಂದು ಉದಾಹರಣೆಯು. ೨೦೨೦ರ ಮಾರ್ಚಿಯಲ್ಲಿ ಕೊರೋನಾ ರೋಗದಿಂದ ಭಾರತದಲ್ಲಿ ಆದ ಮೊದಲನೆಯ ಮರಣವು ನಮ್ಮ ಕಲಬುರಗಿಯದೇ. ಮಾರ್ಚಿ ೧೨ರಂದು ಅದು ಖಚಿತವಾದೊಡನೆ ದೇಶದ ಕಣ್ಣೆಲ್ಲ ಇತ್ತ ತಿರುಗಿತು. ಆ ದಿನಗಳಲ್ಲಿ ಯಾವ ಓಣಿಯನ್ನು ದೂರಬೇಕು, ಯಾವ ಜನರನ್ನು ಶಂಕಿಸಬೇಕು ಎಂಬ ಗಾಳಿಮಾತುಗಳಿಗೆ ಮಿತಿಯಿರಲಿಲ್ಲ. ವಾರ್ತೆಯನ್ನೋದುವವಳ ಒಂದು ವಾಕ್ಯದಿಂದ ನೆರೆಯವರು ಶತ್ರುಗಳಾಗಬಹುದು, ಒಂದು ವಾಕ್ಯದಿಂದ ಜನರು ಸಮಾಧಾನವನ್ನೂ ಹೊಂದಬಹುದು. ಲಾಡ್ಲೆ ಮಶಾಯಕರ ದರ್ಗೆಯಿರುವ ಆಳಂದ, ದತ್ತಾತ್ರೇಯನ ಗಾಣಗಾಪುರವಿರುವ ಅಫಜಲಪುರ ತಾಲೂಕು, ಷಣ್ಮುಖ ಶಿವಯೋಗಿಗಳ ಮಠವಿರುವ ಜೇವರ್ಗಿ, ಇಂಥ ನಾನಾ ಭಕ್ತಿಗಳ ನಾಡಿನಲ್ಲಿ ನಾಲಿಗೆಯನ್ನು ಹಿಡಿದು ನುಡಿಯುವದೇ ಧರ್ಮವು.

ನಾಲಿಗೆಯ ಮಾತು ಬಂದುದರಿಂದ ನಮ್ಮ ಆಡುಮಾತಿನ ವಿಷಯವನ್ನೂ ಹೇಳಿಬಿಡುವೆವು. ನಮ್ಮ ಕನ್ನಡದಲ್ಲಿ ಉರ್ದು ಉಂಟು, ಆಳಂದ-ಅಫಜಲಪುರಗಳ ಕಡೆಗೆ ಮರಾಠಿಯೂ ಉಂಟು. ೧೯೪೮ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದ ಈ ಸೀಮೆಯಲ್ಲಿ ಕಚೇರಿಯ ಭಾಷೆಯು ಉರ್ದುವಾಗಿತ್ತು. ಆದಕಾರಣ ನಮ್ಮ ಹುಡುಗಿಯರಲ್ಲಿ ಎರಡು ವಿಧದ ತಪ್ಪುಗಳನ್ನು ಕಾಣುತ್ತೇವೆ. ಕೆಲವರು ತಮ್ಮ ಮಾತಿಗೆ ನಾಚಿ ಬಾಯಿ ತೆರೆಯುವದೇ ಇಲ್ಲ. ಕೆಲವರು ಬೆಂಗಳೂರಿನವರಂತೆ ನುಡಿಯಲು ಹೋಗಿ ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ಉಳಿಯುವರು. ‘ಹೊಳಿ ತುಂಬಿ ಬರ್ಲಾಕತ್ತದ’ ಎಂಬ ಮಾತಿನಲ್ಲಿ ಯಾವ ಕೀಳುತನವೂ ಇಲ್ಲ. ದಂಡೆಯ ಮೇಲಿನವರೊಡನೆ ಮಾತಾಡುವಾಗ ಅದೇ ಸರಿಯಾದ ಕನ್ನಡ. ಪೀಠದಲ್ಲಿ ಕುಳಿತಾಗ ‘ನದಿಯು ತುಂಬಿ ಹರಿಯುತ್ತಿದೆ’ ಎಂದು ಓದಬೇಕು. ಎರಡನ್ನೂ ಬಲ್ಲವಳೇ ನಿಜವಾದ ವಾರ್ತಾವಾಚಕಿಯು. ಶ, ಷ, ಸ ಇವುಗಳ ಭೇದವನ್ನೂ, ಅಲ್ಪಪ್ರಾಣ ಮಹಾಪ್ರಾಣಗಳನ್ನೂ ಅಭ್ಯಾಸದಿಂದ ಸರಿಪಡಿಸಬಹುದು. ತನ್ನ ತಾಯ ಮಾತನ್ನು ತಿರಸ್ಕರಿಸುವ ಮನಸ್ಸನ್ನು ಸರಿಪಡಿಸುವದು ಮಾತ್ರ ಬಹು ಕಷ್ಟ.

ಈಗ ಪಾಲಕರ ಆಕ್ಷೇಪಗಳನ್ನು ಯಥಾರ್ಥವಾಗಿ ಎದುರಿಸೋಣ. ರಾತ್ರಿಯ ಹೊತ್ತಿನ ಕೆಲಸವೆಂಬದು ಮೊದಲನೆಯದು. ಇದು ನಿಜವೇ. ಆದರೆ ನಮ್ಮ ಶಾಲೆಯಿಂದ ದಾದಿಯರಾಗಿ ಹೋದ ಎಷ್ಟೋ ಮಕ್ಕಳು ರಾತ್ರಿಯೆಲ್ಲ ಎಚ್ಚರವಿದ್ದು ರೋಗಿಗಳನ್ನು ನೋಡಿಕೊಂಡಿದ್ದಾರೆ, ಅವರನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ರಾತ್ರಿಯ ಕೆಲಸವು ಕೆಟ್ಟದ್ದಲ್ಲ, ರಾತ್ರಿ ಮನೆ ಮುಟ್ಟಿಸುವ ವಾಹನವಿಲ್ಲದಿರುವದು ಕೆಟ್ಟದ್ದು. ಅದನ್ನು ಕೇಳಿ ಪಡೆಯಬೇಕು.

ಎರಡನೆಯದು, ಸಾರ್ವಜನಿಕರ ಕಣ್ಣಿಗೆ ಬೀಳುವ ಹೆಣ್ಣಿಗೆ ಮದುವೆಯು ಆಗುವದು ಕಷ್ಟವೆಂಬದು. ಸಾವಿರ ಜನರ ಮುಂದೆ ಸತ್ಯವನ್ನು ಸ್ಪಷ್ಟವಾಗಿ ಹೇಳುವ ಹೆಣ್ಣನ್ನು ಬೇಡವೆನ್ನುವ ಮನೆಗೆ ನಿಮ್ಮ ಮಗಳು ಹೋಗದಿರುವದೇ ಲೇಸೆಂದು ನಾವು ಬಗೆಯುತ್ತೇವೆ.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. ವಾರ್ತೆಯನ್ನೋದುವ ಹುಡುಗಿಯ ರೂಪವನ್ನೂ ಉಡುಪನ್ನೂ ಕುರಿತು ಮೊಬೈಲುಗಳಲ್ಲಿ ಹೊಲಸು ಮಾತುಗಳನ್ನು ಬರೆಯುವವರುಂಟು, ಕಚೇರಿಯೊಳಗೆ ಅನುಚಿತವಾಗಿ ನಡೆಯುವವರೂ ಉಂಟು. ಇಲ್ಲವೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವದು ನಮ್ಮಿಂದಾಗದು. ಆದರೆ ಈ ಅಪಾಯವು ಬ್ಯಾಂಕಿನಲ್ಲಿಯೂ ಶಾಲೆಯಲ್ಲಿಯೂ ಇರುವದು. ೨೦೧೩ರ ಕಾಯಿದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನರು ಕೆಲಸಮಾಡುವ ಪ್ರತಿಯೊಂದು ಕಚೇರಿಯಲ್ಲಿಯೂ ಹೆಂಗಸರ ದೂರನ್ನು ಕೇಳುವ ಒಳಸಮಿತಿಯು ಇರಲೇಬೇಕು. ಅದಕ್ಕಿಂತ ಚಿಕ್ಕ ಕಚೇರಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಗಳು ಕೆಲಸಕ್ಕೆ ಸೇರುವ ದಿನ ಸೀರೆಯು ಒಪ್ಪುವದೋ ಎಂದು ನೋಡುವದಕ್ಕಿಂತ, ನೇಮಕದ ಪತ್ರವು ಎಲ್ಲಿ, ಸಮಿತಿಯು ಯಾವದು, ರಾತ್ರಿ ಕರೆತರುವವರು ಯಾರು ಎಂದು ಕೇಳುವ ತಂದೆಯೇ ಜಾಣನು.

ವಾರ್ತೆಯ ಪೀಠದಲ್ಲಿ ಈಗ ಕೂಗಾಟವು ಹೆಚ್ಚಿದೆಯೆಂಬ ದೂರನ್ನು ನಾವೂ ಒಪ್ಪುತ್ತೇವೆ. ನಾಲ್ಕು ಜನರನ್ನು ಕೂಡಿಸಿ ಜಗಳ ಹಚ್ಚುವದನ್ನೇ ಚರ್ಚೆಯೆನ್ನುವರು, ಜ್ಯೋತಿಷ್ಯವನ್ನೂ ಜಾಹೀರಾತನ್ನೂ ವಾರ್ತೆಯೊಡನೆ ಬೆರೆಸುವರು. ಅದನ್ನು ನೋಡುವವರು ನಾವೇ ಆಗಿರುವದರಿಂದ ಆ ತಪ್ಪಿನಲ್ಲಿ ನಮ್ಮ ಪಾಲೂ ಉಂಟು. ಛತ್ತೀಸಗಡದ ಒಂದು ಪ್ರಾದೇಶಿಕ ವಾಹಿನಿಯಲ್ಲಿ ೨೦೧೭ರ ಎಪ್ರಿಲಿನಲ್ಲಿ ವಾರ್ತೆಯನ್ನೋದುತ್ತಿದ್ದ ಒಬ್ಬ ಹೆಣ್ಣುಮಗಳು, ತಾನು ಓದುತ್ತಿರುವ ಅಪಘಾತದಲ್ಲಿ ಸತ್ತವನು ತನ್ನ ಗಂಡನೇ ಎಂಬದನ್ನು ಓದುತ್ತಿರುವಾಗಲೇ ಅರಿತುಕೊಂಡಳು. ವಾರ್ತೆಯನ್ನು ಪೂರ್ತಿಮಾಡಿ, ಎದ್ದು ಹೊರಗೆ ಬಂದ ಮೇಲೆಯೇ ಅತ್ತಳು. ಯಾವ ಹೆಣ್ಣುಮಗಳಿಗೂ ಅಂಥ ಪರೀಕ್ಷೆಯು ಬಾರದಿರಲಿ. ಆದರೆ ವಾರ್ತೆಯೆಂದರೆ ಯಾರೋ ಒಬ್ಬರ ಮನೆಯ ದುಃಖವೆಂಬದನ್ನು ಕೂಗಾಡುವವರು ಮರೆತಾಗಲೆಲ್ಲ ನಾವು ಆಕೆಯನ್ನು ನೆನೆಯುತ್ತೇವೆ.

ಈ ವೃತ್ತಿಗೆ ಹೊಸದೊಂದು ಸ್ಪರ್ಧೆಯೂ ಬಂದಿರುವದು. ೨೦೨೩ರ ಜುಲೈಯಲ್ಲಿ ಬೆಂಗಳೂರಿನ ಪವರ್ ಟಿವಿ ಎಂಬ ವಾಹಿನಿಯು ‘ಸೌಂದರ್ಯಾ’ ಎಂಬ ಹೆಸರಿನ ಯಂತ್ರದ ವಾಚಕಿಯನ್ನು ಕನ್ನಡದಲ್ಲಿ ತೋರಿಸಿತು. ೨೦೨೪ರ ಮೇ ತಿಂಗಳಲ್ಲಿ ದೂರದರ್ಶನದ ಕಿಸಾನ್ ವಾಹಿನಿಯು ಕ್ರಿಶ್, ಭೂಮಿ ಎಂಬ ಇಬ್ಬರು ಕೃತಕ ವಾಚಕರನ್ನು ತಂದಿತು. ಅವರು ಐವತ್ತು ಭಾಷೆಗಳಲ್ಲಿ ನುಡಿಯಬಲ್ಲರೆಂದು ಪ್ರಕಟಿಸಲಾಯಿತು. ಇವರಿಗೆ ನಿದ್ದೆಯಿಲ್ಲ, ಸಂಬಳವಿಲ್ಲ, ಮದುವೆಯ ಚಿಂತೆಯಿಲ್ಲ. ಹೀಗಿರುವಾಗ ಮಗಳನ್ನು ಈ ದಾರಿಗೆ ಕಳುಹಿಸುವದೇಕೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೇ. ಚೆಲುವಾದ ಮುಖವೂ ತಡವರಿಸದ ಓದೂ ಮಾತ್ರ ಬೇಕಾಗಿದ್ದರೆ ಯಂತ್ರವೇ ಸಾಕು, ಬರಬರುತ್ತ ಅದೇ ಗೆಲ್ಲುವದು. ಆದರೆ ಕಟ್ಟೆಯು ಒಡೆಯಿತೆಂಬ ಕಾಗದವನ್ನು ಮುಂದಿಟ್ಟಾಗ ‘ವಿಚಾರಿಸದೆ ಓದಲಾರೆ’ ಎಂದು ಎದ್ದು ನಿಲ್ಲುವ ಯಂತ್ರವನ್ನು ನಾವು ಕಂಡಿಲ್ಲ. ಆದುದರಿಂದ ರೂಪವನ್ನು ನೆಚ್ಚಿ ಈ ವೃತ್ತಿಗೆ ಹೋಗುವವಳಿಗೆ ಮುಂದೆ ಸ್ಥಳವು ಸಿಕ್ಕದಿರಬಹುದು. ವಿವೇಕವನ್ನೂ ನಾಡಿನ ಪರಿಚಯವನ್ನೂ ಕೂಡಿಸಿಕೊಂಡವಳು ಮಾತ್ರ ಯಾವ ಕಾಲಕ್ಕೂ ಬೇಕಾದವಳೇ.

ಇದಕ್ಕಾಗಿ ಮಾಡತಕ್ಕ ಕೆಲಸಗಳು ದೊಡ್ಡವಲ್ಲ. ಶಾಲೆಯಲ್ಲಿ ದಿನಾಲು ಪ್ರಾರ್ಥನೆಯ ತರುವಾಯ ಒಬ್ಬ ಹುಡುಗಿಯು ಐದು ನಿಮಿಷ ವಾರ್ತೆಯನ್ನು ಓದಲಿ. ಅದರಲ್ಲಿ ಒಂದಾದರೂ ತನ್ನ ಹಳ್ಳಿಯದಾಗಿರಲಿ, ಅದನ್ನು ಯಾರಿಂದ ಕೇಳಿ ತಿಳಿದೆನೆಂಬದನ್ನು ಕಡೆಗೆ ಹೇಳಲಿ. ಜಾಣೆಯರನ್ನೇ ಆರಿಸದೆ ಸರತಿಯ ಪ್ರಕಾರ ಎಲ್ಲರನ್ನೂ ನಿಲ್ಲಿಸಬೇಕು. ಗುಲಬರ್ಗಾ ವಿಶ್ವವಿದ್ಯಾನಿಲಯದಲ್ಲಿಯೂ, ೨೦೦೩ರಲ್ಲಿ ಸ್ಥಾಪಿತವಾದ ವಿಜಯಪುರದ ಮಹಿಳಾ ವಿಶ್ವವಿದ್ಯಾನಿಲಯದಲ್ಲಿಯೂ ಪತ್ರಿಕೋದ್ಯಮವನ್ನು ಕಲಿಸುತ್ತಾರೆ, ಮನಸ್ಸುಳ್ಳವರು ಅಲ್ಲಿ ಸೇರಬಹುದು. ಹಳೆಯ ವಿದ್ಯಾರ್ಥಿನಿಯರಲ್ಲಿ ಈ ಕೆಲಸವನ್ನು ಬಲ್ಲವರು ವರುಷಕ್ಕೊಮ್ಮೆಯಾದರೂ ಬಂದು ಮಕ್ಕಳ ಎದುರಿಗೆ ಕುಳಿತುಕೊಳ್ಳಲಿ. ಸತ್ಯಕ್ಕಾಗಿ ಕೆಲಸವನ್ನು ಕಳಕೊಂಡವಳು ಒಬ್ಬಂಟಿಯಾಗದಂತೆ, ಅವಳಿಗೆ ಬೇರೊಂದು ಕೆಲಸವು ದೊರೆಯುವ ತನಕ ನಮ್ಮ ಹಳೆಯ ವಿದ್ಯಾರ್ಥಿನಿಯರ ಸಂಘವು ಬೆನ್ನಿಗೆ ನಿಲ್ಲುವದಾದರೆ ಅದಕ್ಕಿಂತ ಒಳ್ಳೆಯ ಕಾರ್ಯವು ಇನ್ನೊಂದಿಲ್ಲ.

ಕನ್ನಡದ ಮೊತ್ತಮೊದಲನೆಯ ಸಮಾಚಾರ ಪತ್ರಿಕೆಯನ್ನು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ೧೮೪೩ರ ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಮುದ್ರಿಸಿ ಹೊರಡಿಸಿದರು. ಮಿಶನ್ ಶಾಲೆಯ ಮಕ್ಕಳಿಗೆ ವಾರ್ತೆಯ ಕೆಲಸವು ಹೊರಗಿನದಲ್ಲವೆಂದು ತೋರಿಸುವದಕ್ಕೆ ಈ ಮಾತನ್ನು ಹೇಳಿದೆವು. ಮಂಗಳೂರಿನ ಕಲ್ಲಚ್ಚಿನಿಂದ ನಮ್ಮ ಕೈಯೊಳಗಿನ ಮೊಬೈಲಿನ ವರೆಗೆ ಸಾಧನಗಳು ಎಷ್ಟೋ ಬದಲಾದವು. ಜನರು ಕೇಳುವ ಪ್ರಶ್ನೆಯು ಮಾತ್ರ ಬದಲಾಗಲಿಲ್ಲ. ‘ಇದು ಖರೇ ಏನು?’ ಎಂದೇ ಅವರು ಇಂದಿಗೂ ಕೇಳುತ್ತಾರೆ.

ತಾಯಿತಂದೆಗಳೇ, ಹಣಿಗೆಯನ್ನು ಹಿಡಿದು ವಾರ್ತೆಯನ್ನೋದುವ ನಿಮ್ಮ ಮಗಳನ್ನು ನೋಡಿ ನಗಿರಿ, ಚಪ್ಪಾಳೆಯನ್ನೂ ತಟ್ಟಿರಿ. ಆಮೇಲೆ, ‘ಇದನ್ನು ಯಾರು ಹೇಳಿದರು ಮಗಳೇ?’ ಎಂದು ಒಂದು ಮಾತು ಕೇಳಿರಿ. ಅವಳು ಉತ್ತರ ಹುಡುಕುವದಕ್ಕೆ ಎದ್ದು ಹೋದರೆ, ವಾರ್ತಾವಾಚಕಿಯಾಗುವ ಮೊದಲನೆಯ ಪಾಠವನ್ನು ಅವಳು ನಿಮ್ಮ ಮನೆಯಲ್ಲಿಯೇ ಕಲಿತಂತಾಯಿತು. ಮುಂದಿನ ಪಾಠಗಳನ್ನು ಕಲಿಸುವದಕ್ಕೆ ಶಾಲೆಯು ಸಿದ್ಧವಾಗಿರುವದು. ಅವಳು ಹದಿನೇಳನೆಯ ವರುಷದಲ್ಲಿ ಅದನ್ನೇ ಬೇಡಿದಾಗ ದಯಮಾಡಿ ಮೌನವಾಗಬೇಡಿರಿ.